ರಕ್ತಪಿಶಾಚಿ ಕಾರ್ಡ್ ಆಟದಲ್ಲಿ ಬ್ಲಾಕ್ ಮಾಡುವುದು: ಯಾರು, ಯಾವಾಗ, ಎಷ್ಟು ಸಲ

ತುಮಕೂರಿನ ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಮಧ್ಯಾಹ್ನ ಜಮಖಾನ ಹಾಸಿ ಐದು ಜನ ಸುತ್ತ ಕೂರುತ್ತೇವೆ. ನಡುವೆ ಒಂದು ಡಬ್ಬಿ ಹುಣಸೆ ಬೀಜ. ನಮ್ಮೂರಲ್ಲಿ ಹುಣಸೆ ಬೀಜಕ್ಕೆ ಬರವೇನೂ ಇಲ್ಲ ಅಲ್ವಾ? ಒಬ್ಬೊಬ್ಬರು 30 ಬೀಜ ಎಣಿಸಿ ಮುಂದಿಟ್ಟುಕೊಳ್ಳುತ್ತೇವೆ. ಅದೇ ನಮ್ಮ ಪೂಲ್, ಅಂದರೆ ಆಟದಲ್ಲಿ ನಮ್ಮ ಉಸಿರು. ಬೀಜ ಮುಗಿದವರು ಆಟದಿಂದ ಹೊರಗೆ.

ನಾವು ಆಡುವುದು 'ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್'. ಆಡುವವರು ಚಿಕ್ಕದಾಗಿ ವಿಟೆಸ್ ಅನ್ನುತ್ತಾರೆ. ಮ್ಯಾಜಿಕ್ ಕಾರ್ಡ್ ಆಟವನ್ನು ರೂಪಿಸಿದ ರಿಚರ್ಡ್ ಗಾರ್ಫೀಲ್ಡ್ ಅವರೇ ಇದನ್ನೂ ರೂಪಿಸಿದರು. 1994ರಲ್ಲಿ ಬೇರೆ ಹೆಸರಲ್ಲಿ ಬಂತು, 1995ರಲ್ಲಿ ಈಗಿನ ಹೆಸರು ಸಿಕ್ಕಿತು. 2010ರಲ್ಲಿ ಅಚ್ಚು ನಿಂತೇ ಹೋಗಿತ್ತು. 2018ರಿಂದ ಬ್ಲ್ಯಾಕ್ ಚಾಂಟ್ರಿ ಎಂಬ ಸಂಸ್ಥೆ ಮತ್ತೆ ಅಚ್ಚು ಹಾಕುತ್ತಿದೆ.

ಈ ಆಟ ಕಲಿತ ಮೊದಲ ಎರಡು ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಆದ ಜಗಳಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಒಂದೇ ವಿಷಯಕ್ಕೆ: ಬ್ಲಾಕ್, ಅಂದರೆ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬಂದು ತಡೆಯುವುದು. "ನಾನು ಬ್ಲಾಕ್ ಮಾಡ್ತೀನಿ", "ನಿನಗೆ ಹಕ್ಕೇ ಇಲ್ಲ", "ನೀನು ಆಗಲೇ ಬೇಡ ಅಂದೆಯಲ್ಲ", "ನಾನಿನ್ನೂ ಕಾರ್ಡ್ ಹಾಕೇ ಇಲ್ಲ". ನಿಯಮ ಕಷ್ಟ ಇತ್ತು ಅಂತಲ್ಲ. ನಾವು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡುತ್ತಿದ್ದೆವು. ಒಂದೊಂದೇ ಹೆಜ್ಜೆಯನ್ನು ಬಾಯಿಬಿಟ್ಟು ಹೇಳಲು ಶುರು ಮಾಡಿದ ಮೇಲೆ ಜಗಳ ನಿಂತಿತು. ಆ ಹೆಜ್ಜೆಗಳನ್ನೇ ಇಲ್ಲಿ ಬರೆದಿದ್ದೇನೆ.

ಶುರು ಮಾಡುವ ಮುಂಚೆ ನಾಲ್ಕು ಪದ

ನಿಮ್ಮ ಎಡಗಡೆ ಕೂತವರು ನಿಮ್ಮ ಬೇಟೆ. ಅವರ ಪೂಲ್ ಸೊನ್ನೆ ಮಾಡುವುದು ನಿಮ್ಮ ಕೆಲಸ. ಬಲಗಡೆ ಕೂತವರು ನಿಮ್ಮ ಬೇಟೆಗಾರ. ಅವರು ನಿಮ್ಮನ್ನು ಮುಗಿಸಲು ನೋಡುತ್ತಿರುತ್ತಾರೆ. ಐದು ಜನ ಕೂತಾಗ ಉಳಿದ ಇಬ್ಬರು ನಿಮಗೆ ಎದುರು ಸಾಲಿನವರು. ಆಟದ ಸರದಿ ಎಡಕ್ಕೆ ಸಾಗುತ್ತದೆ.

ಕೆಲಸ ಮಾಡುವವರು ಮಿನಿಯನ್‌ಗಳು. ಅಂದರೆ ನಿಮ್ಮ ವ್ಯಾಂಪೈರ್‌ಗಳು ಮತ್ತು ಅಲೈಗಳು (ವ್ಯಾಂಪೈರ್ ಅಲ್ಲದ ಜೊತೆಗಾರರು). ಮಿನಿಯನ್ ಒಂದು ಆಕ್ಷನ್‌ಗೆ ಹೊರಟಾಗ ಆ ಕಾರ್ಡನ್ನು ಅಡ್ಡ ತಿರುಗಿಸಬೇಕು. ಅದಕ್ಕೆ ಲಾಕ್ ಅಂತಾರೆ. ಹಳೇ ಕಾರ್ಡ್‌ಗಳಲ್ಲಿ ಟ್ಯಾಪ್ ಎಂದು ಇರುತ್ತದೆ, ಎರಡೂ ಒಂದೇ. ಲಾಕ್ ಆದ ಮಿನಿಯನ್ ನಿಮ್ಮ ಮುಂದಿನ ಸರದಿಯ ಶುರುವಿನಲ್ಲಿ ಅನ್‌ಲಾಕ್ ಆಗುತ್ತದೆ, ಅಂದರೆ ಮತ್ತೆ ನೆಟ್ಟಗಾಗುತ್ತದೆ.

ಈ ಒಂದು ಮಾತಿನಲ್ಲೇ ಬ್ಲಾಕ್‌ನ ಅರ್ಧ ಲೆಕ್ಕ ಇದೆ. ಬ್ಲಾಕ್ ಮಾಡಲು ಮಿನಿಯನ್ ಅನ್‌ಲಾಕ್ ಆಗಿರಬೇಕು. ನಿಮ್ಮ ಸರದಿಯಲ್ಲಿ ಇರುವ ಮೂರೂ ವ್ಯಾಂಪೈರ್‌ಗಳನ್ನು ಕೆಲಸಕ್ಕೆ ಕಳಿಸಿದರೆ, ಸರದಿ ಸುತ್ತಿ ಬರುವವರೆಗೆ ನಿಮ್ಮ ಮನೆಗೆ ಕಾವಲಿಲ್ಲ. ಹೊಸಬರು ಇದನ್ನು ಮರೆತು ಎಲ್ಲರನ್ನೂ ಹೊರಗೆ ಕಳಿಸಿಬಿಡುತ್ತಾರೆ. ಆಮೇಲೆ ಬಲಗಡೆಯವರ ಸರದಿ ಬಂದಾಗ ಸುಮ್ನೆ ಬೀಜ ಎಣಿಸಿ ಕೊಡುತ್ತಾ ಕೂರಬೇಕಾಗುತ್ತದೆ.

ಮೊದಲ ಹೆಜ್ಜೆ: ಆಕ್ಷನ್ ಪೂರ್ತಿ ಹೇಳಿ

ಯಾವ ಮಿನಿಯನ್, ಏನು ಮಾಡುತ್ತಿದೆ, ಯಾರ ಮೇಲೆ ಅಥವಾ ಯಾವ ಕಾರ್ಡಿನ ಮೇಲೆ, ಎಷ್ಟು ಖರ್ಚು, ಎಷ್ಟು ಸ್ಟೆಲ್ತ್ (ಗುಟ್ಟಿನ ಲೆಕ್ಕ, ನಾಲ್ಕನೇ ಹೆಜ್ಜೆಯಲ್ಲಿ ಬರುತ್ತದೆ). ಇಷ್ಟನ್ನೂ ಹೇಳಿ ಮಿನಿಯನ್ನನ್ನು ಲಾಕ್ ಮಾಡಿ. ಕಾರ್ಡ್ ಬೇಕಾದ ಆಕ್ಷನ್ ಆದರೆ ಕಾರ್ಡನ್ನು ಈಗಲೇ ಎಲ್ಲರಿಗೂ ಕಾಣುವ ಹಾಗೆ ಇಡಿ. "ಏನೋ ಒಂದು ಆಕ್ಷನ್ ಮಾಡ್ತೀನಿ, ಬ್ಲಾಕ್ ಮಾಡ್ತೀರಾ ಮೊದಲು ಹೇಳಿ" ಎಂದು ಕೇಳುವಂತಿಲ್ಲ. ಎದುರಿನವರಿಗೆ ಏನು ನಡೆಯುತ್ತಿದೆ ಎಂದು ಗೊತ್ತಾದ ಮೇಲೆಯೇ ಅವರು ತೀರ್ಮಾನ ಮಾಡಬೇಕು.

ಖರ್ಚನ್ನು ಈಗ ಕೊಡಬೇಡಿ. ಆಕ್ಷನ್‌ನ ಖರ್ಚು ಕೊಡುವುದು ಆಕ್ಷನ್ ಗೆದ್ದಾಗ ಮಾತ್ರ. ಬ್ಲಾಕ್ ಆದರೆ ಬೀಜ ನಿಮ್ಮಲ್ಲೇ ಉಳಿಯುತ್ತದೆ. ಹಾಕಿದ ಕಾರ್ಡ್ ಮಾತ್ರ ಬೂದಿರಾಶಿಗೆ, ಅಂದರೆ ಮುಗಿದ ಕಾರ್ಡ್‌ಗಳ ಗುಡ್ಡೆಗೆ, ಹೋಗುತ್ತದೆ. ಕೈಯಿಂದ ಗನ್ ಹಾಕಿಕೊಳ್ಳಲು ಹೊರಟು ಬ್ಲಾಕ್ ಆದರೂ ಹೀಗೇ. ಗನ್ ಕಾರ್ಡ್ ಹೋಗುತ್ತದೆ, ಅದರ ಬೆಲೆ ಹೋಗುವುದಿಲ್ಲ. ನಾವು ಬಹಳ ದಿನ ಆ ಕಾರ್ಡನ್ನು ಕೈಗೆ ವಾಪಸ್ ತೆಗೆದುಕೊಳ್ಳುತ್ತಿದ್ದೆವು. ಅದು ತಪ್ಪು.

ಎರಡನೇ ಹೆಜ್ಜೆ: ಬ್ಲಾಕ್ ಮಾಡುವ ಹಕ್ಕು ಯಾರದು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಚೌಕಾಬಾರದಲ್ಲಿ ಯಾರ ಕಾಯಿ ಬೇಕಾದರೂ ಯಾರ ಕಾಯಿಯನ್ನಾದರೂ ಕಡಿಯಬಹುದು. ಆ ಅಭ್ಯಾಸದಿಂದ ಬಂದವರಿಗೆ ಇಲ್ಲೂ ಎಲ್ಲರೂ ಎಲ್ಲದಕ್ಕೂ ಅಡ್ಡ ಬರಬಹುದು ಅನ್ನಿಸುತ್ತದೆ. ಹಾಗಿಲ್ಲ. ಪ್ರತಿ ಆಕ್ಷನ್‌ಗೂ ಬ್ಲಾಕ್ ಮಾಡುವ ಹಕ್ಕು ಕೆಲವರಿಗೆ ಮಾತ್ರ ಇರುತ್ತದೆ. ಅದು ಯಾರಿಗೆ ಅನ್ನುವುದು ಆಕ್ಷನ್ ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ.

ಆಕ್ಷನ್ ಎರಡು ಜಾತಿ. ಒಂದು, ಬೇರೆ ಆಟಗಾರರ ಮೇಲೋ ಅವರ ಕೈಕೆಳಗಿನ ಕಾರ್ಡಿನ ಮೇಲೋ ಗುರಿ ಇಟ್ಟದ್ದು. ಇದಕ್ಕೆ ಡೈರೆಕ್ಟೆಡ್ ಅಂತ ಹೆಸರು. ಕಾರ್ಡ್‌ನಲ್ಲಿ ವೃತ್ತದೊಳಗೆ 'ಡಿ' ಅಕ್ಷರ ಇರುವುದು ಇದರ ಗುರುತು. ಇದನ್ನು ಗುರಿಯಾದವರ ಮಿನಿಯನ್‌ಗಳು ಮಾತ್ರ ಬ್ಲಾಕ್ ಮಾಡಬಹುದು. ಬೇರೆ ಯಾರೂ ಇಲ್ಲ.

ಇನ್ನೊಂದು, ಯಾರ ಮೇಲೂ ಗುರಿ ಇಲ್ಲದ್ದು, ಅಥವಾ ನಿಮ್ಮದೇ ಕಾರ್ಡಿನ ಮೇಲೆ ಗುರಿ ಇಟ್ಟದ್ದು. ಇದನ್ನು ನಿಮ್ಮ ಬೇಟೆ ಮತ್ತು ನಿಮ್ಮ ಬೇಟೆಗಾರ, ಈ ಇಬ್ಬರ ಮಿನಿಯನ್‌ಗಳು ಬ್ಲಾಕ್ ಮಾಡಬಹುದು. ಎದುರು ಸಾಲಿನವರು ನೋಡುತ್ತಾ ಕೂರಬೇಕು.

ಈಗ ಸಾಮಾನ್ಯ ಆಕ್ಷನ್‌ಗಳನ್ನು ಹಾಕಿ ನೋಡೋಣ. ಬ್ಲೀಡ್ ಅಂದರೆ ಬೇಟೆಯ ಪೂಲ್‌ನಿಂದ ಬೀಜ ಹೀರುವುದು. ಅದು ಬೇಟೆಯ ಮೇಲೆ ಗುರಿ ಇಟ್ಟದ್ದು. ಹಾಗಾಗಿ ಬೇಟೆ ಮಾತ್ರ ಬ್ಲಾಕ್ ಮಾಡಬಹುದು. ನಿಮ್ಮ ಬಲಗಡೆಯವರಿಗೆ ನೀವು ಬೇಟೆಯನ್ನು ಮುಗಿಸುವುದು ಎಷ್ಟೇ ಇಷ್ಟವಿಲ್ಲದಿದ್ದರೂ ಬ್ಲೀಡ್‌ಗೆ ಅಡ್ಡ ಬರಲು ಆಗುವುದಿಲ್ಲ. ನಮ್ಮಲ್ಲಿ ಜಾಸ್ತಿ ಸಲ ತಪ್ಪಿದ್ದು ಇದೇ ಜಾಗದಲ್ಲಿ.

ಹಂಟ್, ಅಂದರೆ ವ್ಯಾಂಪೈರ್ ಹೊರಗೆ ಹೋಗಿ ರಕ್ತ ಕುಡಿದು ಬರುವುದು, ಯಾರ ಮೇಲೂ ಗುರಿ ಇಲ್ಲದ್ದು. ಗನ್ನೋ ಮತ್ತೊಂದೋ ಹಾಕಿಕೊಳ್ಳುವ ಇಕ್ವಿಪ್, ಅಲೈ ತರುವುದು, ರಿಟೇನರ್ ಎಂಬ ಸಹಾಯಕನನ್ನು ಇಟ್ಟುಕೊಳ್ಳುವುದು, ಓಟಿಗೆ ಕರೆಯುವ ಪೊಲಿಟಿಕಲ್ ಆಕ್ಷನ್, ಎಲ್ಲವೂ ಹಾಗೇ. ಇವೆಲ್ಲಕ್ಕೂ ಎಡಗಡೆಯವರೂ ಬಲಗಡೆಯವರೂ ಅಡ್ಡ ಬರಬಹುದು. ಪೊಲಿಟಿಕಲ್ ಆಕ್ಷನ್ ಬಗ್ಗೆ ಒಂದು ಮಾತು. ಓಟಿನಿಂದ ಎದುರು ಸಾಲಿನವರಿಗೇ ಪೆಟ್ಟು ಬೀಳುವುದಿದ್ದರೂ ಅವರು ಬ್ಲಾಕ್ ಮಾಡುವಂತಿಲ್ಲ. ಅದು ಅನ್ಯಾಯ ಅಂತ ನನ್ನ ತಂಗಿ ಎಷ್ಟೋ ಸಲ ವಾದ ಮಾಡಿದ್ದಾಳೆ. ಆದರೆ ಆಕ್ಷನ್ ನಡೆಯುವಾಗ ಗುರಿ ಇನ್ನೂ ಇರುವುದೇ ಇಲ್ಲ. ಗುರಿ ಬರುವುದು ಓಟು ಶುರುವಾದ ಮೇಲೆ. ಎದುರು ಸಾಲಿನವರು ತಮ್ಮ ಓಟಿನಿಂದ ಅದನ್ನು ಬೀಳಿಸಬೇಕು, ಇಲ್ಲವೇ ಪಕ್ಕದವರನ್ನು ಒಪ್ಪಿಸಿ ಬ್ಲಾಕ್ ಮಾಡಿಸಬೇಕು. ಈ ಆಟದಲ್ಲಿ ಮಾತುಕತೆಗೆ ಅಷ್ಟು ಬೆಲೆ ಇರುವುದು ಇದಕ್ಕೇ.

ಯಾರಾದರೂ ಹೊರಗೆ ಹೋದಾಗ ಹಕ್ಕುಗಳೂ ಬದಲಾಗುತ್ತವೆ. ನಿಮ್ಮ ಬೇಟೆ ಹೋದರೆ ಅವರ ಎಡಗಡೆಯವರು ನಿಮ್ಮ ಹೊಸ ಬೇಟೆ. ನಿಮಗೆ 6 ಪೂಲ್ ಮತ್ತು 1 ವಿಕ್ಟರಿ ಪಾಯಿಂಟ್ ಸಿಗುತ್ತದೆ. ಆದರೆ ಅಲ್ಲಿಯವರೆಗೆ ನಿಮ್ಮ ಹಂಟ್‌ಗೆ ತಲೆ ಹಾಕದಿದ್ದವರು ಈಗ ಹಾಕಬಹುದು. ಮೂರೇ ಜನ ಉಳಿದಾಗ ಎದುರು ಸಾಲು ಎಂಬುದೇ ಇರುವುದಿಲ್ಲ. ಗುರಿಯಿಲ್ಲದ ಆಕ್ಷನ್ ಅನ್ನು ಉಳಿದ ಇಬ್ಬರೂ ಬ್ಲಾಕ್ ಮಾಡಬಹುದು. 

ಹಕ್ಕು ಆಟಗಾರರದ್ದು, ಕೆಲಸ ಮಿನಿಯನ್‌ದು. ಆ ಮಿನಿಯನ್ ರೆಡಿ ಇರಬೇಕು, ಅಂದರೆ ಟಾರ್ಪರ್‌ನಲ್ಲಿ, ಅಂದರೆ ಪೆಟ್ಟು ತಿಂದು ಮಂಪರಿನಲ್ಲಿ, ಬಿದ್ದಿರಬಾರದು. ಅನ್‌ಲಾಕ್ ಆಗಿರಬೇಕು. ಅಲೈ ಕೂಡ ಬ್ಲಾಕ್ ಮಾಡಬಹುದು. ರಿಟೇನರ್ ಮಾಡುವಂತಿಲ್ಲ, ಅದು ಮಿನಿಯನ್ ಅಲ್ಲ, ಮಿನಿಯನ್‌ಗೆ ಅಂಟಿಕೊಂಡ ಸಹಾಯಕ.

ಮೂರನೇ ಹೆಜ್ಜೆ: ಮೊದಲು ಯಾರು?

ಗುರಿಯಿಲ್ಲದ ಆಕ್ಷನ್‌ಗೆ ಮೊದಲ ಅವಕಾಶ ಬೇಟೆಗೆ. ಬೇಟೆ ತನ್ನ ಪ್ರಯತ್ನಗಳನ್ನೆಲ್ಲ ಮುಗಿಸಿ "ಸಾಕು" ಅಂದ ಮೇಲೆ ಬೇಟೆಗಾರನಿಗೆ. ಒಂದು ಆಕ್ಷನ್ ಒಬ್ಬರಿಗಿಂತ ಹೆಚ್ಚು ಜನರ ಮೇಲೆ ಗುರಿ ಇಟ್ಟಿದ್ದರೆ, ಆಕ್ಷನ್ ಮಾಡಿದವರ ಎಡದಿಂದ ಸುತ್ತು ಹಾಕಿ ಒಬ್ಬೊಬ್ಬರಿಗೆ.

ಒಂದು ಸಲಕ್ಕೆ ಒಬ್ಬನೇ ಮಿನಿಯನ್. ಇಬ್ಬರನ್ನು ಸೇರಿಸಿ ಅಡ್ಡ ನಿಲ್ಲಿಸುವಂತಿಲ್ಲ, ಇಬ್ಬರ ಇಂಟರ್ಸೆಪ್ಟ್, ಅಂದರೆ ತಡೆಯುವ ಬಲ, ಕೂಡಿಸುವಂತಿಲ್ಲ. ಒಬ್ಬ ಸೋತರೆ ಇನ್ನೊಬ್ಬನನ್ನು ಕಳಿಸಬಹುದು. ಪ್ರಯತ್ನ ಸೋತ ಮಿನಿಯನ್ ಲಾಕ್ ಆಗುವುದಿಲ್ಲ. ಇದು ನೆನಪಿರಲಿ. ಪ್ರಯತ್ನ ಮಾಡಿದ್ದಕ್ಕೇ ಲಾಕ್ ಮಾಡಿಸಿ ನಾವು ಎಷ್ಟು ಆಟ ಕೆಡಿಸಿದ್ದೇವೋ.

ಇನ್ನು ನಮ್ಮ ಮನೆಯಲ್ಲಿ ಮುಖ ದಪ್ಪ ಮಾಡಿಕೊಳ್ಳುವಂತೆ ಮಾಡಿದ ನಿಯಮ. ಒಬ್ಬ ಆಟಗಾರ "ಇನ್ನು ಬ್ಲಾಕ್ ಮಾಡಲ್ಲ" ಅಂದರೆ ಆ ಮಾತು ಮುಗಿಯಿತು. ಆ ಆಕ್ಷನ್‌ಗೆ ಮತ್ತೆ ಬರುವಂತಿಲ್ಲ. ಬೇಟೆ ಬೇಡ ಅಂದರು, ಬೇಟೆಗಾರ ಪ್ರಯತ್ನ ಮಾಡಿ ಸೋತರು, ಆಗ ಬೇಟೆ "ತಡಿ, ನನ್ನ ಹತ್ತಿರ ಒಂದು ಕಾರ್ಡ್ ಇದೆ" ಅಂದರೆ ಆಗುವುದಿಲ್ಲ. ಎಪಿಎಂಸಿ ಹರಾಜಿನಲ್ಲಿ ಮಾಲು ಇನ್ನೊಬ್ಬರ ಹೆಸರಿಗೆ ಬರೆದಾದ ಮೇಲೆ ಕೂಗಿದ ಹಾಗೆ ಅದು.

ಹಾಗಾಗಿ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ತಲೆ ಅಲ್ಲಾಡಿಸಿದರೆ ಲೆಕ್ಕಕ್ಕಿಲ್ಲ. "ಬ್ಲಾಕ್ ಇಲ್ಲ" ಎಂದು ಬಾಯಲ್ಲಿ ಹೇಳಬೇಕು. ಆಕ್ಷನ್ ಮಾಡುವವರೂ ಕೇಳಬೇಕು: "ಎಡಗಡೆ, ಬ್ಲಾಕ್ ಇದೆಯಾ?" ಉತ್ತರ ಬಂದ ಮೇಲೆ, "ಬಲಗಡೆ, ಬ್ಲಾಕ್ ಇದೆಯಾ?" ಒಂದು ಆಟಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯಬಹುದು. ಪರವಾಗಿಲ್ಲ.

ನಾಲ್ಕನೇ ಹೆಜ್ಜೆ: ಸ್ಟೆಲ್ತ್ ಮತ್ತು ಇಂಟರ್ಸೆಪ್ಟ್

ಆಟದ ರುಚಿಯೆಲ್ಲ ಇಲ್ಲಿದೆ. ಸ್ಟೆಲ್ತ್ ಅಂದರೆ ಆಕ್ಷನ್ ಎಷ್ಟು ಗುಟ್ಟಾಗಿ ನಡೆಯುತ್ತಿದೆ ಎಂಬ ಲೆಕ್ಕ. ಇಂಟರ್ಸೆಪ್ಟ್ ಅಂದರೆ ತಡೆಯುವವನ ಕಣ್ಣು ಎಷ್ಟು ಚುರುಕು ಎಂಬ ಲೆಕ್ಕ. ಇಂಟರ್ಸೆಪ್ಟ್ ಸ್ಟೆಲ್ತ್‌ಗೆ ಸಮ ಇದ್ದರೂ ಸಾಕು, ಬ್ಲಾಕ್ ಆಗುತ್ತದೆ. ಸ್ಟೆಲ್ತ್ ಒಂದಾದರೂ ಹೆಚ್ಚಿದ್ದರೆ ಬ್ಲಾಕ್ ಸೋಲುತ್ತದೆ. ಸಮ ಬಂದಾಗ ಗೆಲುವು ತಡೆಯುವವರದು.

ಮಿನಿಯನ್‌ನ ಇಂಟರ್ಸೆಪ್ಟ್ ಶುರುವಿನಲ್ಲಿ 0. ಬ್ಲೀಡ್‌ನ ಸ್ಟೆಲ್ತ್ ಕೂಡ 0. ಹಾಗಾಗಿ ಸಾದಾ ಬ್ಲೀಡನ್ನು ಬೇಟೆಯ ಯಾವ ಅನ್‌ಲಾಕ್ ಮಿನಿಯನ್ ಬೇಕಾದರೂ ಏನೂ ಕಾರ್ಡ್ ಹಾಕದೆ ತಡೆಯುತ್ತದೆ. ಹಂಟ್, ಇಕ್ವಿಪ್, ಅಲೈ ತರುವುದು, ರಿಟೇನರ್, ಪೊಲಿಟಿಕಲ್ ಆಕ್ಷನ್, ಟಾರ್ಪರ್‌ನಿಂದ ತಾನೇ ಎದ್ದು ಬರುವುದು, ಇವೆಲ್ಲ +1 ಸ್ಟೆಲ್ತ್‌ನಿಂದ ಶುರು. ಇವನ್ನು ತಡೆಯಲು ಎಲ್ಲಿಂದಾದರೂ ಕನಿಷ್ಠ 1 ಇಂಟರ್ಸೆಪ್ಟ್ ತರಬೇಕು. ಆಕ್ಷನ್ ಕಾರ್ಡ್‌ಗಳಿಗೆ ಕಾರ್ಡ್‌ನಲ್ಲಿ ಬರೆದಷ್ಟು. ಬರೆದಿಲ್ಲದಿದ್ದರೆ 0.

ಆಕ್ಷನ್ ಮಾಡುವ ಮಿನಿಯನ್ ಆಕ್ಷನ್ ಮಾಡಿಫೈಯರ್ ಕಾರ್ಡ್ ಹಾಕಿ ಸ್ಟೆಲ್ತ್ ಏರಿಸುತ್ತದೆ. ತಡೆಯುವ ಮಿನಿಯನ್ ರಿಯಾಕ್ಷನ್ ಕಾರ್ಡ್ ಹಾಕಿ ಇಂಟರ್ಸೆಪ್ಟ್ ಏರಿಸುತ್ತದೆ. ಆದರೆ ಒಂದು ಕಟ್ಟುನಿಟ್ಟು ಇದೆ: ಬೇಕಾದಾಗ ಮಾತ್ರ. ಯಾರೂ ಬ್ಲಾಕ್ ಮಾಡಲು ಬಂದೇ ಇಲ್ಲ, ಮುಂಚೆಯೇ ಸುಮ್ನೆ ಸ್ಟೆಲ್ತ್ ಹಾಕಿಡೋಣ ಅನ್ನುವಂತಿಲ್ಲ. ಬಂದವನ ಇಂಟರ್ಸೆಪ್ಟ್ ನಿಮ್ಮ ಸ್ಟೆಲ್ತ್‌ಗಿಂತ ಕಡಿಮೆ ಇದ್ದರೂ ಹಾಕುವಂತಿಲ್ಲ. ಬ್ಲಾಕ್ ಆಗಿಯೇ ಹೋಗುತ್ತದೆ ಅನ್ನುವ ಸ್ಥಿತಿ ಇದ್ದರೆ ಮಾತ್ರ ಸ್ಟೆಲ್ತ್. ಅದೇ ರೀತಿ, ಬ್ಲಾಕ್ ಪ್ರಯತ್ನ ನಡೆಯುತ್ತಿದ್ದು ಇಂಟರ್ಸೆಪ್ಟ್ ಸಾಲದೇ ಇದ್ದರೆ ಮಾತ್ರ ಇಂಟರ್ಸೆಪ್ಟ್.

ಇನ್ನೊಂದು: ಒಂದೇ ಮಿನಿಯನ್ ಒಂದು ಆಕ್ಷನ್‌ನಲ್ಲಿ ಒಂದೇ ಹೆಸರಿನ ಮಾಡಿಫೈಯರ್ ಅಥವಾ ರಿಯಾಕ್ಷನ್ ಕಾರ್ಡನ್ನು ಎರಡು ಸಲ ಹಾಕುವಂತಿಲ್ಲ. ಕೈಯಲ್ಲಿ ಒಂದೇ ಕಾರ್ಡಿನ ಮೂರು ಪ್ರತಿ ಇದ್ದರೂ ಈ ಆಕ್ಷನ್‌ಗೆ ಕೆಲಸಕ್ಕೆ ಬರುವುದು ಒಂದೇ. ಡೆಕ್ ಕಟ್ಟುವಾಗಲೇ ಇದನ್ನು ಯೋಚಿಸಬೇಕು. ಒಂದೇ ಸ್ಟೆಲ್ತ್ ಕಾರ್ಡ್ ಹತ್ತು ಹಾಕುವುದಕ್ಕಿಂತ ಎರಡು ಮೂರು ಬಗೆ ಹಂಚಿ ಹಾಕುವುದು ವಾಸಿ ಅಂತ ನನ್ನ ಅನುಭವ.

ಮಾಡಿಫೈಯರ್ ಮತ್ತು ರಿಯಾಕ್ಷನ್‌ಗಳ ಖರ್ಚು ಹಾಕಿದ ಕೂಡಲೇ ಕೊಡಬೇಕು. ಆಮೇಲೆ ಬ್ಲಾಕ್ ಆದರೂ ವಾಪಸ್ ಇಲ್ಲ. ಕಾರ್ಡ್ ಹಾಕಿದ ತಕ್ಷಣ ಹೊಸ ಕಾರ್ಡ್ ಎಳೆದುಕೊಳ್ಳುತ್ತೀರಿ. ಕೈಯಲ್ಲಿ ಸಾಮಾನ್ಯವಾಗಿ 7 ಇರಬೇಕು. ಹೀಗೆ ಎಳೆದ ಕಾರ್ಡ್ ಇದೇ ಜಗ್ಗಾಟದಲ್ಲಿ ಕೆಲಸಕ್ಕೆ ಬರಬಹುದು. ಹಾಗಾಗಿ ಎದುರಿನವರ ಕೈ ಬರಿದಾಯಿತು ಎಂದು ಯಾವತ್ತೂ ಅಂದುಕೊಳ್ಳಬೇಡಿ.

ಒಂದು ಉದಾಹರಣೆ ಹಾಕಿ ನೋಡೋಣ. ಬೀಜ ಇಟ್ಟು ಲೆಕ್ಕ ಹಿಡಿಯುವುದು ನಮ್ಮ ಪದ್ಧತಿ. ಆಕ್ಷನ್ ಮಾಡುವವನ ಪಕ್ಕ ಸ್ಟೆಲ್ತ್‌ಗೆ ಬೀಜ, ತಡೆಯುವವನ ಪಕ್ಕ ಇಂಟರ್ಸೆಪ್ಟ್‌ಗೆ ಬೀಜ.

ನಿಮ್ಮ ನೊಸ್ಫೆರಾಟು ಕುಲದ ವ್ಯಾಂಪೈರ್ ಕೈಯಿಂದ .44 ಮ್ಯಾಗ್ನಮ್ ಗನ್ ಹಾಕಿಕೊಳ್ಳಲು ಹೊರಟಿದೆ. ಇಕ್ವಿಪ್, +1 ಸ್ಟೆಲ್ತ್. ನಿಮ್ಮ ಕಡೆ ಒಂದು ಬೀಜ. ಎಡಗಡೆಯವರ ಹತ್ತಿರ ಜಿಮೀಸಿ ಕುಲದ ಒಬ್ಬ ವ್ಯಾಂಪೈರ್ ಇದ್ದಾನೆ. ಅವನಿಗೆ ರೇವನ್ ಸ್ಪೈ ಎಂಬ ಕಾಗೆ ರಿಟೇನರ್ ಇದೆ, ಅದು +1 ಇಂಟರ್ಸೆಪ್ಟ್ ಕೊಡುತ್ತದೆ. "ಇವನು ಬ್ಲಾಕ್ ಮಾಡ್ತಾನೆ" ಎಂದರು. 1ಕ್ಕೆ 1. ಸಮ. ಹೀಗೇ ಬಿಟ್ಟರೆ ಬ್ಲಾಕ್ ಆಗುತ್ತದೆ. ಈಗ ನಿಮಗೆ ಸ್ಟೆಲ್ತ್ ಹಾಕುವ ಹಕ್ಕು ಬಂತು. ಲಾಸ್ಟ್ ಇನ್ ಕ್ರೌಡ್ಸ್ ಹಾಕುತ್ತೀರಿ. ಆಬ್‌ಫಸ್ಕೇಟ್ ಶಕ್ತಿಯ ಕೆಳ ಮಟ್ಟದಲ್ಲಿ ಅದು +1. ನಿಮ್ಮದು 2.

ಅವರು ಎನ್ಹಾನ್ಸ್ಡ್ ಸೆನ್ಸಸ್ ಹಾಕಿದರು. ಆಸ್ಪೆಕ್ಸ್ ಶಕ್ತಿಯ ಕೆಳ ಮಟ್ಟದಲ್ಲಿ ಅದೂ +1. ಮತ್ತೆ 2ಕ್ಕೆ 2. ನಿಮ್ಮ ಕೈಯಲ್ಲಿ ಇನ್ನೊಂದು ಲಾಸ್ಟ್ ಇನ್ ಕ್ರೌಡ್ಸ್ ಇದೆ. ಆಗುವುದಿಲ್ಲ, ಈ ವ್ಯಾಂಪೈರ್ ಈ ಆಕ್ಷನ್‌ನಲ್ಲಿ ಅದನ್ನು ಆಗಲೇ ಹಾಕಿಯಾಯಿತು. ಕ್ಲೋಕ್ ದಿ ಗ್ಯಾದರಿಂಗ್ ಇದೆ. ಅದನ್ನು ಹಾಕಿದಿರಿ, +1. ಈಗ 3. ಅವರ ಹತ್ತಿರ ಇನ್ನೇನೂ ಇಲ್ಲ. ಬ್ಲಾಕ್ ಸೋತಿತು. ಜಿಮೀಸಿ ಲಾಕ್ ಆಗಲಿಲ್ಲ. ಎಡಗಡೆಯವರು "ಸಾಕು, ಇನ್ನು ಬ್ಲಾಕ್ ಇಲ್ಲ" ಎಂದರು.

ಈಗ ಬಲಗಡೆಯವರ ಅವಕಾಶ. ಅವರ ಎದುರು ನಿಂತಿರುವ ಸ್ಟೆಲ್ತ್ ಎಷ್ಟು? 1 ಅಲ್ಲ, 3. ಏರಿಸಿದ ಸ್ಟೆಲ್ತ್ ಆ ಆಕ್ಷನ್ ಮುಗಿಯುವವರೆಗೂ ಹಾಗೇ ಇರುತ್ತದೆ. ಒಂದು ಬ್ಲಾಕ್ ಪ್ರಯತ್ನ ಸೋತಿತು ಅಂತ ಬೀಜ ತೆಗೆಯಬಾರದು. ಹಾಗೆಯೇ ಆ ಜಿಮೀಸಿ ಏರಿಸಿಕೊಂಡ ಇಂಟರ್ಸೆಪ್ಟ್ ಕೂಡ ಅವನಿಗೆ ಈ ಆಕ್ಷನ್ ಪೂರ್ತಿ ಇರುತ್ತದೆ, ಆದರೆ ಅವನಿಗೆ ಮಾತ್ರ. ಪಕ್ಕದ ವ್ಯಾಂಪೈರ್ ಬ್ಲಾಕ್‌ಗೆ ಬಂದರೆ ತನ್ನ 0 ಇಂದಲೇ ಶುರು ಮಾಡಬೇಕು.

ಇದರಿಂದ ಒಂದು ಲೆಕ್ಕಾಚಾರ ಹುಟ್ಟುತ್ತದೆ. ಎಡಗಡೆಯವರು ಅರ್ಧ ಮನಸ್ಸಿನಿಂದ ಬ್ಲಾಕ್‌ಗೆ ಬಂದು ನಿಮ್ಮ ಸ್ಟೆಲ್ತ್ ಏರಿಸಿದರೆ, ಬಲಗಡೆಯವರ ಕೆಲಸ ಕಷ್ಟವಾಗುತ್ತದೆ. ಅವರೇ ತಡೆಯಲಿ ಎಂಬ ಆಸೆ ಇದ್ದರೆ ಎಡಗಡೆಯವರು ಸುಮ್ಮನಿರುವುದೇ ಒಳ್ಳೆಯದು. ಇನ್ನೊಂದು ಕಡೆಯಿಂದ ನೋಡಿದರೆ, ನಿಮ್ಮ ಸ್ಟೆಲ್ತ್ ಕಾರ್ಡ್‌ಗಳನ್ನು ಖಾಲಿ ಮಾಡಿಸಲು ಸೋಲುತ್ತೇನೆ ಎಂದು ಗೊತ್ತಿದ್ದೂ ಬ್ಲಾಕ್‌ಗೆ ಬರುವವರಿದ್ದಾರೆ. ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ಇವತ್ತು ಗನ್‌ಗೆ ಖರ್ಚಾದ ಕಾರ್ಡ್ ನಾಳೆ ಬ್ಲೀಡ್‌ಗೆ ಇರುವುದಿಲ್ಲ.

ಕಾರ್ಡ್ ಹಾಕುವ ಸರದಿ

ಒಂದೇ ಹೊತ್ತಿಗೆ ಇಬ್ಬರು ಕಾರ್ಡ್ ಹಾಕಲು ಕೈ ಎತ್ತಿದರೆ, ಮೊದಲ ಹಕ್ಕು ಆಕ್ಷನ್ ಮಾಡುತ್ತಿರುವ ಆಟಗಾರರದು. ಅವರು ಬೇಡ ಅಂದರೆ ತಡೆಯುವವರದು, ಆಮೇಲೆ ಉಳಿದವರು ಎಡದಿಂದ ಸುತ್ತು. ಯಾರಾದರೂ ಒಂದು ಕಾರ್ಡ್ ಹಾಕಿದರೆ ಮತ್ತೆ ಮೊದಲ ಹಕ್ಕು ಆಕ್ಷನ್ ಮಾಡುವವರಿಗೆ ಬರುತ್ತದೆ. ಕೈ ಚುರುಕಿದ್ದವರು ಮೊದಲು ಹಾಕಿದರು ಎಂಬ ಲೆಕ್ಕ ಇಲ್ಲಿಲ್ಲ.

ಐದನೇ ಹೆಜ್ಜೆ: ಬ್ಲಾಕ್ ಆಯಿತು, ಮುಂದೇನು?

ಬ್ಲಾಕ್ ಗೆದ್ದರೆ ಆಕ್ಷನ್ ಕೆಟ್ಟಿತು. ತಡೆದ ಮಿನಿಯನ್ ಲಾಕ್ ಆಗುತ್ತದೆ. ಆಮೇಲೆ ಇಬ್ಬರಿಗೂ ಕಾಳಗ. ಇದು ಇಷ್ಟವಿದ್ದರೆ ಮಾಡುವುದಲ್ಲ, ಆಗಲೇಬೇಕಾದದ್ದು. ಬ್ಲೀಡ್ ತಡೆಯಲು ಹೋಗಿ ದೊಡ್ಡ ಗನ್ ಹಿಡಿದ ವ್ಯಾಂಪೈರ್ ಎದುರು ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. .44 ಮ್ಯಾಗ್ನಮ್ ಒಂದು ಹೊಡೆತಕ್ಕೆ 2 ಡ್ಯಾಮೇಜ್ ಮಾಡುತ್ತದೆ, ಬರಿಗೈ ಹೊಡೆತ ಸಾಮಾನ್ಯವಾಗಿ 1. ಪೆಟ್ಟು ತಿಂದ ವ್ಯಾಂಪೈರ್ ತನ್ನ ಮೇಲಿರುವ ರಕ್ತದ ಬೀಜ ಕೊಟ್ಟು ಗಾಯ ಮಾಗಿಸಿಕೊಳ್ಳುತ್ತದೆ. ರಕ್ತ ಸಾಲದಿದ್ದರೆ ಟಾರ್ಪರ್. ಹಾಗಾಗಿ "ಬ್ಲಾಕ್" ಅನ್ನುವ ಮುಂಚೆ ಮೂರು ನೋಡಿ: ಎದುರಿನವನ ಕೈಯಲ್ಲಿ ಏನಿದೆ, ನನ್ನವನ ಮೇಲೆ ರಕ್ತ ಎಷ್ಟಿದೆ, ಇವನು ಲಾಕ್ ಆದರೆ ಮುಂದಿನ ಬ್ಲೀಡ್ ತಡೆಯಲು ಯಾರಿದ್ದಾರೆ. ಬೇಟೆಗಾರರು ಮೊದಲು ಸಣ್ಣ ವ್ಯಾಂಪೈರ್‌ನಿಂದ 1ರ ಬ್ಲೀಡ್ ಕಳಿಸಿ ನಿಮ್ಮ ಕಾವಲನ್ನು ಲಾಕ್ ಮಾಡಿಸಿ, ಆಮೇಲೆ ದೊಡ್ಡದನ್ನು ಕಳಿಸುತ್ತಾರೆ. 1 ಬೀಜ ಹೋದರೆ ಹೋಗಲಿ ಎಂದು ಬಿಡುವುದೂ ಆಟವೇ.

ಆಕ್ಷನ್ ಮಾಡಿದವನು ಬ್ಲಾಕ್ ಆದರೂ ಲಾಕ್ ಆಗಿಯೇ ಇರುತ್ತಾನೆ.

ಲಾಕ್ ಆದವರು ಎದ್ದು ಬರುವುದು

ಲಾಕ್ ಆದ ಮಿನಿಯನ್ ಬ್ಲಾಕ್ ಮಾಡುವಂತಿಲ್ಲ ಎಂದೆವು. ರಿಯಾಕ್ಷನ್ ಕಾರ್ಡ್ ಕೂಡ ಹಾಕುವಂತಿಲ್ಲ. ಇದಕ್ಕೆ ದೊಡ್ಡ ಅಪವಾದ ವೇಕ್ ಕಾರ್ಡ್‌ಗಳು. ಆನ್ ದ ಕೀ ವೀವ್, ವೇಕ್ ವಿತ್ ಈವನಿಂಗ್ಸ್ ಫ್ರೆಶ್‌ನೆಸ್ ಇಂಥವು. ಇವು ಲಾಕ್ ಆದ ವ್ಯಾಂಪೈರನ್ನು ಆ ಆಕ್ಷನ್ ಮಟ್ಟಿಗೆ ಎಚ್ಚರಿಸುತ್ತವೆ. ಕಾರ್ಡ್ ಇನ್ನೂ ಅಡ್ಡವಾಗಿಯೇ ಇರುತ್ತದೆ, ಆದರೆ ಅನ್‌ಲಾಕ್ ಆದವನ ಹಾಗೆ ಬ್ಲಾಕ್ ಮಾಡಬಹುದು, ರಿಯಾಕ್ಷನ್ ಹಾಕಬಹುದು. ಎಚ್ಚರಾದ ಮಾತ್ರಕ್ಕೆ ಬ್ಲಾಕ್ ಆಗಿಬಿಡಲಿಲ್ಲ. ಇಂಟರ್ಸೆಪ್ಟ್ ಲೆಕ್ಕ ಮೊದಲಿನ ಹಾಗೇ. ಹಕ್ಕಿನ ನಿಯಮವೂ ಹಾಗೇ: ಎದುರು ಸಾಲಿನವರು ವೇಕ್ ಹಾಕಿದರೆ ಬ್ಲಾಕ್ ಮಾಡುವ ಹಕ್ಕು ಹುಟ್ಟುವುದಿಲ್ಲ. ಮತ್ತೆ, "ಬ್ಲಾಕ್ ಇಲ್ಲ" ಎಂದು ಹೇಳಿದ ಮೇಲೆ ವೇಕ್ ಹಾಕಿ ಬ್ಲಾಕ್‌ಗೆ ಬರುವಂತಿಲ್ಲ. ಮೊದಲು ವೇಕ್ ಹಾಕಿ, ಆಮೇಲೆ ಬ್ಲಾಕ್ ಹೇಳಿ.

ಬ್ಲೀಡ್ ತಿರುಗಿಸುವುದು

ಕೊನೆಗೆ ನಮ್ಮನ್ನು ಒಂದು ಇಡೀ ಮಧ್ಯಾಹ್ನ ಕೂರಿಸಿದ ಸಂಗತಿ. ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿ ಆರಿ ಹೋಗಿತ್ತು, ನಾವಿನ್ನೂ ನಿಯಮ ಪುಸ್ತಕ ತಿರುವುತ್ತಿದ್ದೆವು.

ಬಲಗಡೆಯವರು ನಿಮ್ಮನ್ನು ಬ್ಲೀಡ್ ಮಾಡುತ್ತಿದ್ದಾರೆ. ನಿಮ್ಮ ಹತ್ತಿರ ಡಾಮಿನೇಟ್ ಶಕ್ತಿಯ ವ್ಯಾಂಪೈರ್ ಇದೆ, ಕೈಯಲ್ಲಿ ಡಿಫ್ಲೆಕ್ಷನ್ ಇದೆ. ಆ ಕಾರ್ಡ್ ಬ್ಲೀಡನ್ನು ಬೇರೆ ಆಟಗಾರರ ಕಡೆಗೆ ತಿರುಗಿಸುತ್ತದೆ. ಆದರೆ ಅದನ್ನು ಹಾಕುವುದು ಬ್ಲಾಕ್‌ಗಳೆಲ್ಲ ಬೇಡ ಎಂದಾದ ಮೇಲೆ. ಹಾಗಾಗಿ ನೀವು ಮೊದಲು "ಬ್ಲಾಕ್ ಇಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಡಿಫ್ಲೆಕ್ಷನ್ ಹಾಕಿ "ಈಗ ಎಡಗಡೆಯವರ ಮೇಲೆ" ಅನ್ನುತ್ತೀರಿ. ಆಕ್ಷನ್ ಮಾಡಿದವರ ಮೇಲೇ ವಾಪಸ್ ತಿರುಗಿಸುವಂತಿಲ್ಲ.

ಈಗ ಗುರಿ ಬದಲಾಯಿತು. ಹೊಸ ಗುರಿಯಾದವರಿಗೆ ಬ್ಲಾಕ್ ಮಾಡುವ ಹಕ್ಕು ಹುಟ್ಟುತ್ತದೆ. ಅವರು ಇಲ್ಲಿಯವರೆಗೆ ಏನನ್ನೂ ಬೇಡ ಎಂದಿಲ್ಲ, ಅವರನ್ನು ಯಾರೂ ಕೇಳಿಯೂ ಇಲ್ಲ. ಹಾಗಾಗಿ ಮತ್ತೆ ನಾಲ್ಕನೇ ಹೆಜ್ಜೆಗೆ ಹೋಗಿ. ಅಲ್ಲಿಯವರೆಗೆ ಏರಿದ ಸ್ಟೆಲ್ತ್ ಹಾಗೇ ಇದೆ. ಏರಿಸಿದ ಬ್ಲೀಡ್ ಕೂಡ ಹಾಗೇ ಇದೆ. ಆಕ್ಷನ್ ಮಾಡುತ್ತಿರುವವರು ಬೇಕಾದರೆ ಮತ್ತೆ ಸ್ಟೆಲ್ತ್ ಹಾಕಿ ಹೊಸ ಗುರಿಯ ಬ್ಲಾಕ್ ತಪ್ಪಿಸಿಕೊಳ್ಳಬಹುದು, ಇಲ್ಲವೇ ಹಾಕದೆ ಬ್ಲಾಕ್ ಆಗಲು ಬಿಡಬಹುದು. ಹೊಸ ಗುರಿಯಾದವರು ತಮ್ಮ ಡಿಫ್ಲೆಕ್ಷನ್ ಹಾಕಿ ಇನ್ನೂ ಮುಂದಕ್ಕೆ ತಳ್ಳಲೂಬಹುದು. ಆಗ ಮೂರನೆಯವರಿಗೆ ಇದೇ ಹಕ್ಕು. ಆ ಮಧ್ಯಾಹ್ನ 6ರ ಒಂದು ಬ್ಲೀಡ್ ಹೀಗೆ ಮೂರು ಮನೆ ದಾಟಿ, 5 ಬೀಜ ಉಳಿದಿದ್ದ ನನ್ನ ತಂಗಿಯ ಹತ್ತಿರ ಬಂತು. ಅವಳ ಹತ್ತಿರ ಅನ್‌ಲಾಕ್ ಆಗಿದ್ದದ್ದು ಒಬ್ಬನೇ, ರಕ್ತ ಒಂದೇ ಬೀಜ. ಸ್ಟೆಲ್ತ್ 0. "ಬ್ಲಾಕ್" ಅಂದಳು. ಆಕ್ಷನ್ ಮಾಡಿದವರ ಕೈಯಲ್ಲಿ ಸ್ಟೆಲ್ತ್ ಇರಲಿಲ್ಲ. ಕಾಳಗದಲ್ಲಿ ಅವಳ ವ್ಯಾಂಪೈರ್ ಟಾರ್ಪರ್‌ಗೆ ಬಿತ್ತು, 5 ಬೀಜ ಅವಳ ಮುಂದೆಯೇ ಉಳಿದವು.